ಎತ್ತುವ ದಿನವಿಲ್ಲದ ನೀರು

ಚಿನ್ನೂ, ಪುಟ್ಟಿ, ಇದನ್ನು ನಿಮಗಿಬ್ಬರಿಗೂ ಬರೆಯುತ್ತಿದ್ದೇನೆ.

ಎದುರು ಕೂರಿಸಿಕೊಂಡು ಹೇಳಲು ನನ್ನಿಂದ ಆಗದು. ನಾಲ್ಕು ಜನ ನನ್ನ ಕಡೆ ತಿರುಗಿದರೆ ಸಾಕು, ಹೇಳಬೇಕಾದದ್ದು ಗಂಟಲಲ್ಲೇ ಉಳಿದುಬಿಡುತ್ತದೆ. ಊರ ಶಾಲೆಯಲ್ಲಿ ಮೇಷ್ಟರು ಪ್ರಶ್ನೆ ಕೇಳಿದಾಗಲೂ ಹಾಗೇ, ಉತ್ತರ ಗೊತ್ತಿದ್ದೂ ನೆಲ ನೋಡುತ್ತ ನಿಲ್ಲುತ್ತಿದ್ದೆ. ಬರೆದು ತೋರಿಸು ಅಂದರೆ ಮಾತ್ರ ತಪ್ಪಿಲ್ಲದೆ ಬರೆಯುತ್ತಿದ್ದೆ.

ಹೋದ ವಾರ ಟಿವಿ ಪಕ್ಕದ ಮನಿ ಪ್ಲಾಂಟ್ ಬಾಟಲಿಯ ನೀರನ್ನು ನಾನು ಮತ್ತೆ ಚೆಲ್ಲಿಬಿಟ್ಟೆ. ಪುಟ್ಟಿ, ನೀನು ಸೊಂಟಕ್ಕೆ ಕೈ ಇಟ್ಟುಕೊಂಡು ಕೇಳಿದೆ: "ಅಜ್ಜೀ, ಬೆಳಿಗ್ಗೆ ತಾನೆ ಹಾಕಿದೀನಿ. ನಿಂಗೇನು ನೀರಿನ ಮೇಲೆ ಸೇಡಾ?" ಚಿನ್ನೂ, ನೀನು ಮೊಬೈಲಿನಿಂದ ತಲೆ ಎತ್ತದೆ, "ಬಿಡೇ, ಅಜ್ಜಿ ರಿಟೈರ್ ಆದ್ರೂ ಡ್ಯೂಟಿ ಬಿಟ್ಟಿಲ್ಲ" ಅಂದೆ. ನಾನೂ ನಕ್ಕೆ. ಆಮೇಲೆ ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ಗೋಡೆಗೊರಗಿ ನಿಂತಿದ್ದೆ. ನಿಂತ ನೀರು ಕಂಡರೆ ನನಗೆ ಒಂದು ಮನೆಯ ಒಳಕೋಣೆ ಕಾಣುತ್ತದೆ. ಅದನ್ನು ನಿಮ್ಮಮ್ಮನಿಗೂ ಪೂರ್ತಿ ಹೇಳಿಲ್ಲ.

ನಿಮ್ಮ ತಾತ ಎದೆನೋವಿನಿಂದ ಹೋದ ಮೇಲೆ, ಈ ಶ್ರೀಗಂಧದ ಕಾವಲಿನ ಮನೆಗೆ ಬರುವವರೆಗೂ, ನಾನು ಕೆಂಗೇರಿಯಿಂದ ಆಚೆ ನಮ್ಮ ಹಳ್ಳಿಯಲ್ಲೇ ಆಶಾ ಕಾರ್ಯಕರ್ತೆಯ ಕೆಲಸ ಮಾಡಿಕೊಂಡಿದ್ದೆ. ಗುಲಾಬಿ ಸೀರೆ, ಹೆಗಲಿಗೊಂದು ಚೀಲ. ಬಸುರಿಯರನ್ನು, ಬಾಣಂತಿಯರನ್ನು ನೋಡಿಕೊಳ್ಳುವುದು, ಯಾರ ಮನೆಯಲ್ಲಿ ಜ್ವರ ಎಂದು ತಿಳಿದು ಆರೋಗ್ಯ ಕೇಂದ್ರಕ್ಕೆ ಹೇಳುವುದು, ಮಳೆಗಾಲ ಬಂತೆಂದರೆ ಮನೆಮನೆಗೂ ಹೋಗಿ ನಿಂತ ನೀರಿನಲ್ಲಿ ಸೊಳ್ಳೆ ಮರಿ ಹುಡುಕುವುದು. ಜನರ ಜೊತೆ ಮಾತಾಡುವುದು ಕಷ್ಟವಾದರೂ ನೀರು ನೋಡುವ ಕೆಲಸ ನನಗೆ ಒಗ್ಗಿತ್ತು. ಡ್ರಮ್ಮಿನ ಮುಚ್ಚಳ ಸರಿಸಿ ಟಾರ್ಚು ಬಿಟ್ಟು ಬಗ್ಗಿ ನಿಂತರೆ ಯಾರ ಮುಖವನ್ನೂ ನೋಡಬೇಕಿರಲಿಲ್ಲ.

ಆಗಿನ್ನೂ ಮೆಟ್ರೊ ಕೆಂಗೇರಿಗೆ ಬಂದಿರಲಿಲ್ಲ. ಊರ ಅರ್ಧಕ್ಕೆ ರಾಗಿ ಹೊಲ, ಇನ್ನರ್ಧಕ್ಕೆ ಸೈಟು ಮಾಡಿ ಕಲ್ಲು ನೆಟ್ಟಿದ್ದರು. ನಲ್ಲಿಯಲ್ಲಿ ನೀರು ಯಾವಾಗಲೋ ಒಮ್ಮೆ ಬರುತ್ತಿದ್ದುದರಿಂದ ಮನೆಮುಂದೆಲ್ಲ ನೀಲಿ ಡ್ರಮ್ಮುಗಳು. ನಾನು ಬೀದಿಗೆ ಕಾಲಿಟ್ಟರೆ ಕಟ್ಟೆಯ ಮೇಲೆ ಕೂತ ಗಂಡಸರಿಗೆ ತಮಾಷೆ. "ಬಂದ್ಲಪ್ಪ ಸೊಳ್ಳೆ ಅಕ್ಕ. ಅಕ್ಕಾ, ನಮ್ಮನೆ ಸೊಳ್ಳೆಗೂ ಒಂದು ರೇಷನ್ ಕಾರ್ಡ್ ಮಾಡ್ಸಿಕೊಡಿ, ನಮ್ ರಕ್ತ ಆದ್ರೂ ಉಳೀತದೆ." ನಾನು ತಲೆ ತಗ್ಗಿಸಿಕೊಂಡು ಹೋಗುತ್ತಿದ್ದೆ.

ಒಂದು ಮಳೆಗಾಲದಲ್ಲಿ ಅರಳಿಕಟ್ಟೆಯ ಹಿಂದಿನ ಬೀದಿಯ ಒಂದು ಮನೆಗೆ ಡೆಂಗಿ ಬಂತು. ಟಿಪ್ಪರ್ ಓಡಿಸುವ ಗಂಡ, ಹೆಂಡತಿ, ಅವನ ತಾಯಿ, ಐದನೇ ಕ್ಲಾಸಿನ ಮಗಳು, ಅದೇ ವರ್ಷ ಶಾಲೆಗೆ ಸೇರಿದ ಮಗ, ಇಷ್ಟೇ ಜನ. ಅಕ್ಕತಮ್ಮ ಇಬ್ಬರಿಗೂ ಒಟ್ಟಿಗೇ ಜ್ವರ. ಹುಡುಗಿ ಗುಣವಾಗಿ ಎದ್ದು ಕೂತಳು. ಹುಡುಗನನ್ನು ಬೆಂಗಳೂರಿನ ಆಸ್ಪತ್ರೆಯಿಂದ ಬಟ್ಟೆ ಸುತ್ತಿ ತಂದರು. ಅವನು ಜ್ವರದಲ್ಲಿ ಮಲಗಿದ್ದ ಒಳಕೋಣೆಯ ಮೂಲೆಯಲ್ಲೇ ಸ್ವಲ್ಪ ಹೊತ್ತು ಮಲಗಿಸಿ, ಕತ್ತಲಾಗುವ ಮುಂಚೆ ಹೊಲದ ಬದಿಯಲ್ಲಿ ಮಣ್ಣು ಮಾಡಿದರು.

ನಮ್ಮ ಕಡೆ ಸಾವಾದರೆ ಆ ಜಾಗದಲ್ಲಿ ದೀಪ ಹಚ್ಚಿ ಪಕ್ಕದಲ್ಲಿ ಒಂದು ಚೊಂಬು ನೀರು ಇಡುತ್ತಾರೆ. ಹೋದವರಿಗೆ ದಾಹವಾದರೆ ಬಂದು ಕುಡಿಯಲಿ ಎಂದು. ಹನ್ನೊಂದನೇ ದಿನ ತಿಥಿ ಮಾಡಿ ಆ ನೀರನ್ನು ಎತ್ತಿ ಗಿಡದ ಬುಡಕ್ಕೆ ಹಾಕುತ್ತಾರೆ. ನಿಮ್ಮ ತಾತನಿಗೂ ಹಾಗೇ ಇಟ್ಟು ಹಾಗೇ ಎತ್ತಿದ್ದೆವು. ಆದರೆ ಅಷ್ಟು ಚಿಕ್ಕ ಮಗುವಿಗೆ ತಿಥಿ ಇಲ್ಲ. ಮೂರನೇ ದಿನ ಗುಂಡಿಯ ಮೇಲೆ ಹಾಲು ತುಪ್ಪ ಬಿಟ್ಟು ಬಂದರೆ ಮುಗಿಯಿತು. ಮಗುವಿಗೆ ದೀಪ, ನೀರು ಇಡುವ ವಾಡಿಕೆಯೂ ಇಲ್ಲ. ಇದನ್ನು ನೀವು ನೆನಪಿಟ್ಟುಕೊಳ್ಳಬೇಕು, ಯಾಕೆಂದರೆ ನಡೆದದ್ದೆಲ್ಲ ಇದರಿಂದಲೇ.

ಹುಡುಗ ಹೋದ ಮೇಲೆ ಆರೋಗ್ಯ ಕೇಂದ್ರದವರೆಲ್ಲ ಬಂದು ಊರನ್ನೇ ಜಾಲಾಡಿದೆವು. ಡ್ರಮ್ಮು ಉಜ್ಜಿಸಿದೆವು, ನೀರಿನ ಸಂಪುಗಳಿಗೆ ಔಷಧಿ ಹಾಕಿದೆವು, ಹಳೇ ಟೈರು, ತೆಂಗಿನ ಚಿಪ್ಪು ಎಲ್ಲ ಎತ್ತಿಸಿದೆವು. ಹೊಗೆ ಬಿಟ್ಟರು. ಬೇರೆ ಬೀದಿಗಳಲ್ಲಿ ಜ್ವರ ನಿಂತಿತು. ಆ ಒಂದು ಬೀದಿಯಲ್ಲಿ ನಿಲ್ಲಲಿಲ್ಲ. ಒಮ್ಮೆ ಎಡಮನೆಯ ಅಜ್ಜಿಗೆ, ಒಮ್ಮೆ ಎದುರು ಮನೆಯ ಸೊಸೆಗೆ. ಹೋಗಿ ನೋಡಿದರೆ ಡ್ರಮ್ಮುಗಳೆಲ್ಲ ಕನ್ನಡಿಯ ಹಾಗೆ ಶುದ್ಧ.

ನಮ್ಮ ಹೆಲ್ತ್ ಇನ್‌ಸ್ಪೆಕ್ಟರು ನಿವೃತ್ತಿಗೆ ಹತ್ತಿರವಾಗಿದ್ದ ಸಾಧು ಮನುಷ್ಯ. ಅರಳಿಕಟ್ಟೆಯ ಕೆಳಗೆ ಕುಕ್ಕರಗಾಲಲ್ಲಿ ಕೂತು ಕಡ್ಡಿಯಿಂದ ಮಣ್ಣಿನ ಮೇಲೆ ಮನೆಗಳನ್ನು ಬರೆದು, ಜ್ವರ ಬಂದ ಮನೆಗಳಿಗೆಲ್ಲ ಒಂದೊಂದು ಹುಣಸೆ ಬೀಜ ಇಟ್ಟರು. ಬೀಜಗಳು ಒಂದು ಮನೆಯ ಸುತ್ತ ಕೂತವು. ಸಾವಿನ ಮನೆಯ ಸುತ್ತ.

"ಇಲ್ಲೇ ಏನೋ ಇದೆ ಕಣಮ್ಮ" ಎಂದರು. "ಆದ್ರೆ ಅವರ ಹಿತ್ತಲು, ಸಂಪು, ಬಚ್ಚಲು ಎಲ್ಲ ನಾನೇ ನೋಡಿದೀನಿ. ಇನ್ನೇನು, ಮಗ ಹೋದ ಮನೆ ಒಳಗೆ ನುಗ್ಗಿ ಹಾಸಿಗೆ ಕೊಡವೋಕಾಗುತ್ತಾ?"

ಆರೋಗ್ಯ ಕೇಂದ್ರದ ಡಾಕ್ಟರಮ್ಮ ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಆ ಹುಡುಗೀನ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಳ್ಳಿ. ಒಂದ್ಸಲ ಡೆಂಗಿ ಆದೋರಿಗೆ ಇನ್ನೊಂದು ಥರದ್ದು ಬಂದ್ರೆ ಮೊದಲಿಗಿಂತ ಜೋರಾಗಬಹುದು. ಜ್ವರ ಅಂದ ತಕ್ಷಣ ಆಸ್ಪತ್ರೆ. ತಡ ಮಾಡಬಾರದು."

ಅದಕ್ಕೇ ನಾನು ಆ ಮನೆಗೆ ಹೋಗಿ ಬರುತ್ತಿದ್ದೆ. ಹುಡುಗಿಯ ಹಣೆ ಮುಟ್ಟಿ ನೋಡುವುದು, ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂರುವುದು. ಮೊದಮೊದಲು ಆ ತಾಯಿ ಗೋಡೆ ನೋಡುತ್ತ ಬಿದ್ದುಕೊಂಡಿರುತ್ತಿದ್ದಳು. ಅನ್ನ ಮುಟ್ಟುತ್ತಿರಲಿಲ್ಲ. ಅತ್ತೆ ಮುದ್ದೆ ಮುರಿದು ಬಾಯಿಗಿಟ್ಟರೂ ಉಗಿಯುತ್ತಿದ್ದಳು. ಕೆಲವು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಹೋದರೆ ತಲೆ ಬಾಚಿ ಹೂ ಮುಡಿದಿದ್ದಾಳೆ! ನನಗೆ ಸಮಾಧಾನವಾಗುವ ಬದಲು ಯಾಕೋ ಮೈ ಜುಮ್ಮೆಂದಿತು.

"ಅಕ್ಕ, ಒಳಕ್ಕೆ ಬನ್ನಿ" ಎಂದಳು, ಮೆಲ್ಲಗೆ. "ನಿಮ್ಗೊಂದು ತೋರಿಸ್ಬೇಕು. ನೀವು ಯಾರ್ಗೂ ಹೇಳಲ್ಲ. ನೀವು ಮಾತೇ ಆಡಲ್ಲವಲ್ಲ."

ಒಳಕೋಣೆಯ ಕಿಟಕಿ ಮುಚ್ಚಿತ್ತು. ಮೂಲೆಯಲ್ಲಿ ಎಣ್ಣೆ ದೀಪ, ಅದರ ಪಕ್ಕದಲ್ಲಿ ಮಡಿಸಿಟ್ಟ ಚಿಕ್ಕ ಅಂಗಿ, ಒಂದು ಅಗಲ ಬಾಯಿಯ ಸ್ಟೀಲ್ ಬೋಸಿ. ಬೋಸಿಯ ತುಂಬ ನೀರು.

"ಚೊಂಬಿನ ಬಾಯಿ ಚಿಕ್ಕದು ಅಕ್ಕ. ಅವನಿಗೆ ಕುಡಿಯಾಕೆ ಮೂಗು ತಾಗ್ತದೆ. ಅದ್ಕೆ ಇದ್ರಾಗೆ ಇಟ್ಟೆ. ದಿನಾ ಒಂದೀಟು ಕಮ್ಮಿ ಆಗಿರ್ತದೆ. ಅಷ್ಟು ಮಾತ್ರ ತುಂಬ್ತೀನಿ, ಚೆಲ್ಲಲ್ಲ. ಅವನ ಎಂಜಲಲ್ವಾ?"

ನಾನು ತಲೆಯಾಡಿಸಿದೆ.

"ಈಗ ನೋಡಿ" ಎಂದು ಅವಳು ಬೋಸಿಯ ಮೇಲೆ ಬಗ್ಗಿದಳು. ಅವಳ ನೆರಳು ನೀರಿನ ಮೇಲೆ ಬಿತ್ತು. ನೀರು ನಡುಗಿತು. ಯಾರೂ ಮುಟ್ಟಿರಲಿಲ್ಲ, ಗಾಳಿ ಇರಲಿಲ್ಲ. ಆದರೂ ಅಂಚಿನಿಂದ ನಡುವಿನವರೆಗೆ ಸಣ್ಣಗೆ ಅಲುಗಿ, ದೀಪದ ಬೆಳಕು ಚೂರುಚೂರಾಗಿ, ಮತ್ತೆ ನಿಧಾನಕ್ಕೆ ಕೂಡಿಕೊಂಡಿತು.

"ನಾನು ಬಂದೆ ಅಂತ ಗೊತ್ತಾಯ್ತದೆ ಅವನಿಗೆ" ಎಂದಳು. ಅವಳ ಮುಖ ನೋಡಬೇಕಿತ್ತು ನೀವು.

ಮಕ್ಕಳೇ, ಒಂದು ಗಳಿಗೆ ನಾನೂ ನಂಬಿದೆ. ನಿಮ್ಮ ತಾತನಿಗೆ ಇಟ್ಟ ನೀರಿನ ಮುಂದೆ ನಾನೂ ಕೂತಿದ್ದವಳು. ಆ ನೀರು ಒಮ್ಮೆಯೂ ಅಲ್ಲಾಡಿರಲಿಲ್ಲ. ಇವಳ ಮಗ ಬಂದಿದ್ದಾನೆ, ನನ್ನ ಗಂಡ ಬರಲಿಲ್ಲ ಎಂದುಕೊಂಡೆ. ಆಮೇಲೆ ನನ್ನ ಕಣ್ಣಿಗೆ ಅದರ ದಿನದ ಕೆಲಸ ನೆನಪಾಯಿತು. ನೆರಳು ಬಿದ್ದರೆ ಸೊಳ್ಳೆ ಮರಿಗಳು ಒಟ್ಟಿಗೆ ತಳಕ್ಕೆ ಧುಮುಕುತ್ತವೆ. ಎಷ್ಟು ಡ್ರಮ್ಮುಗಳಲ್ಲಿ ನೋಡಿಲ್ಲ ನಾನು! ಈ ಬೋಸಿಯ ತಳದಲ್ಲೂ ಅವೇ ಕೊಂಕುತ್ತಿದ್ದವು.

ಹೊರಗೆ ಬಂದೆ. ಜಗಲಿಯಲ್ಲಿ ಹುಡುಗಿ ಹೋಂವರ್ಕ್ ಮಾಡುತ್ತ ಕೂತಿದ್ದಳು. ತಲೆ ಎತ್ತಲಿಲ್ಲ.

"ಆಂಟಿ, ನೋಡಿದ್ರಾ?"

"ನೋಡಿದೆ ಕಂದ."

"ನಿಮ್ಮೋರು ಸ್ಕೂಲಿಗೆ ಬಂದು ಗಾಜಿನ ಲೋಟದಲ್ಲಿ ತೋರ್ಸಿದ್ರಲ್ಲ, ಅದೇ ತಾನೆ ಅದು?"

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ ನೀನು?"

ಅವಳು ಪೆನ್ಸಿಲ್ಲನ್ನು ಬಾಯಿಗಿಟ್ಟುಕೊಂಡು ಸ್ವಲ್ಪ ಯೋಚಿಸಿದಳು. "ಅದು ಅಲ್ಲಾಡಕ್ಕೆ ಶುರು ಆದ್ಮೇಲೆ ಅಮ್ಮ ಊಟ ಮಾಡ್ತಾವ್ಳೆ" ಎಂದಳು.

ಅವಳ ಹಣೆ ಮುಟ್ಟಿ ನೋಡಿದೆ. ತಣ್ಣಗಿತ್ತು.

ಮನೆಗೆ ನಡೆದು ಬರುವಾಗ ನನ್ನ ಚೀಲದಲ್ಲಿದ್ದ, ಸೊಳ್ಳೆ ಮರಿ ಸಾಯಿಸುವ ಔಷಧಿಯ ಸೀಸೆ ಸೊಂಟಕ್ಕೆ ಬಡಿಯುತ್ತಿತ್ತು. ನಾಳೆ ಹೋಗಿ ಅವಳು ಅತ್ತ ತಿರುಗಿದಾಗ ನಾಲ್ಕು ಹನಿ ಹಾಕಿದರೆ ಕೆಲಸ ಮುಗಿಯಿತು. ಯಾರಿಗೂ ತಿಳಿಯುವುದಿಲ್ಲ. ಆದರೆ ಆಮೇಲೆ ಅವಳು ಬಗ್ಗಿದಾಗ ನೀರು ಸುಮ್ಮನೆ ಇರುತ್ತದೆ. ಆ ಸುಮ್ಮನಿರುವ ನೀರನ್ನು ಅವಳು ನೋಡುತ್ತ ಕೂರುವುದನ್ನು ನೆನೆದರೆ ನನಗೆ ಹೆಜ್ಜೆ ಮುಂದಕ್ಕೆ ಬರಲಿಲ್ಲ. ನಿಜ ಹೇಳೋಣವೆಂದರೆ ಅದು ಇನ್ನೂ ಘೋರ. ಮಗನಿಗೆ ಎಂದು ಇಟ್ಟದ್ದನ್ನು ಯಾರು ಉಂಡು ಬೆಳೆದರು ಎಂದು ಒಬ್ಬ ತಾಯಿಗೆ ಯಾವ ಬಾಯಲ್ಲಿ ಹೇಳುವುದು? ಹನಿಯನ್ನೇ ಹಾಕುವುದು ಎಂದು ತೀರ್ಮಾನ ಮಾಡಿಕೊಂಡೆ.

ಬೆಳಿಗ್ಗೆ ಹೋದಾಗ ಅತ್ತೆ ಅಂಗಳದಲ್ಲಿ ಮೊರ ಹಿಡಿದು ಕೂತಿತ್ತು. ಮೊರದಲ್ಲಿ ಏನೂ ಇರಲಿಲ್ಲ.

"ಮಗೀಗೆ ಮೈ ಬೆಂಕಿ ಆಗೈತೆ ಕಣವ್ವ" ಎಂದಿತು. "ಕೆಂಗೇರಿ ಆಸ್ಪತ್ರೆಗೆ ಕರ್ಕೊಂಡು ಹೋಗಾನ ಅಂದ್ರೆ ಇವ್ಳು ಬುಡಾಕಿಲ್ಲ. ನನ್ನ ಮಗ ಲೋಡ್ ತಕ್ಕೊಂಡು ಮಾಗಡಿ ಕಡೆ ಹೋಗವ್ನೆ, ಫೋನು ಸಿಗ್ತಾ ಇಲ್ಲ."

"ಆ ನೀರು ನೀವಾದ್ರೂ ಎತ್ತಿಸಬಾರ್ದಿತ್ತಾ ಅಮ್ಮ?" ಎಂದೆ. ಬಾಯಿಂದ ಹೇಗೋ ಬಂದುಬಿಟ್ಟಿತು.

"ಯಾವತ್ತು ಅಂತ ಎತ್ತಿಸ್ಲಿ?" ಮುದುಕಿ ನನ್ನ ಮೇಲೆ ರೇಗಿತು. "ದೊಡ್ಡೋರಾಗಿದ್ರೆ ಹನ್ನೊಂದಕ್ಕೆ ಎತ್ತು ಅಂತಿದ್ದೆ. ಕೂಸಿಗೆ ತಿಥಿ ಉಂಟಾ? ಇಡಬೇಡ ಅಂದೆ, ಇಟ್ಲು. ಎತ್ತು ಅನ್ನಕ್ಕೆ ನಂಗೆ ಯಾವ ಶಾಸ್ತ್ರ ಐತೆ ಹೇಳು ಮತ್ತೆ. ನೀನು ಓದಿದೋಳು, ನೀನು ಹೇಳು."

ಒಳಗೆ ಹೋದೆ. ಒಳಕೋಣೆಯ ಬಾಗಿಲು ಹಾಕಿತ್ತು, ತಳ್ಳಿದೆ. ಹುಡುಗಿಯನ್ನು ಅದೇ ಮೂಲೆಯಲ್ಲಿ, ದೀಪದ ಪಕ್ಕ, ಬೋಸಿಗೆ ತಲೆ ತಾಗುವಷ್ಟು ಹತ್ತಿರ ಚಾಪೆ ಹಾಕಿ ಮಲಗಿಸಿದ್ದಳು. ಹುಡುಗಿಯ ಕೆನ್ನೆ ಕೆಂಪಗೆ ಊದಿತ್ತು. ಗೋಡೆಯ ಮೇಲೆ, ಮಡಿಸಿಟ್ಟ ಅಂಗಿಯ ಮೇಲೆ ಕಾಲಲ್ಲಿ ಬಿಳಿ ಪಟ್ಟೆಯಿರುವ ಸೊಳ್ಳೆಗಳು ಕೂತಿದ್ದವು.

"ಆಸ್ಪತ್ರೆ ಬ್ಯಾಡ ಅಕ್ಕ" ಎಂದಳು ತಾಯಿ. ಅವಳ ದನಿಯಲ್ಲಿ ಹೆದರಿಕೆಯೇ ಇರಲಿಲ್ಲ. "ಅಲ್ಲಿಗೆ ಹೋದೋನು ನಡ್ಕೊಂಡು ಬರ್ಲಿಲ್ಲ. ಇಲ್ಲೇ ಇರ್ಲಿ. ತಮ್ಮ ಅವ್ನೆ, ಅಕ್ಕನ್ನ ಕಾಯ್ತಾನೆ."

ಔಷಧಿಯ ಹನಿಯಿಂದ ಈಗ ಏನೂ ಆಗುತ್ತಿರಲಿಲ್ಲ. ಅವಳು ಆ ಕೋಣೆ ಬಿಟ್ಟು ಏಳಬೇಕಿತ್ತು, ಹುಡುಗಿಯನ್ನು ಎತ್ತಿಕೊಂಡು ಏಳಬೇಕಿತ್ತು. ನಾನು ಅವಳೆದುರು ಕೂತೆ. ಜೀವಮಾನದಲ್ಲಿ ಯಾರ ಜೊತೆಗೂ ಹಾಗೆ ನೇರವಾಗಿ ಮುಖ ನೋಡಿ ಮಾತಾಡಿರಲಿಲ್ಲ.

"ಅದು ನಿನ್ನ ಮಗ ಅಲ್ಲ ತಾಯಿ. ಸೊಳ್ಳೆ ಮರಿ. ನಿನ್ನ ನೆರಳು ಬಿದ್ರೆ ಹೆದರಿ ಕೆಳಗೆ ಹೋಗ್ತವೆ. ಈ ಬೀದಿಗೆ ಜ್ವರ ಬರ್ತಿರೋದು ಈ ಬೋಸಿಯಿಂದ. ಇವಳನ್ನ ಎತ್ತು."

ಅವಳು ನನ್ನ ಕೆನ್ನೆಗೆ ಹೊಡೆದಳು. ಅಷ್ಟು ಜೋರಾಗೇನೂ ಅಲ್ಲ. ಹೊಡೆದ ಮೇಲೆ ಮಗಳ ಕಡೆ ತಿರುಗಿದಳು, ಸುಳ್ಳು ಅನ್ನು ಎಂದು ಕೇಳುವವಳ ಹಾಗೆ.

ಹುಡುಗಿ ಕಣ್ಣು ಮುಚ್ಚಿಕೊಂಡೇ, "ಹೂಂ ಅಮ್ಮ" ಎಂದಳು. "ನಂಗೂ ಗೊತ್ತಿತ್ತು."

ಆ ತಾಯಿ ಬೋಸಿಯೊಳಗೆ ಕೈ ಇಟ್ಟಳು. ಬೊಗಸೆಯಲ್ಲಿ ನೀರು ಎತ್ತಿಕೊಂಡು ಎದ್ದು ಬಾಗಿಲ ಬೆಳಕಿಗೆ ಹೋದಳು. ಬೆರಳ ಸಂದಿಯಿಂದ ನೀರೆಲ್ಲ ಸೋರಿತು. ಅಂಗೈಯಲ್ಲಿ ಅವು ಉಳಿದುಕೊಂಡು ಒದ್ದಾಡಿದವು. ಅವಳು ಬಹಳ ಹೊತ್ತು ನೋಡಿದಳು.

"ನನ್ನ ಮಗೀನ ಕಚ್ಚಿದ್ದು ಇವಾ?"

"ಇವಲ್ಲ. ಇವು ಆಮೇಲೆ ಹುಟ್ಟಿದವು. ಕಚ್ಚಿದ್ದು ಇವುಗಳ ತಾಯಿ ಅಂಥದ್ದು."

"ಇವಕ್ಕೂ ತಾಯಿ" ಎಂದಳು. ಬೋಸಿಯನ್ನು ಹೊತ್ತುಕೊಂಡು ಹೋಗಿ ಅಂಗಳದ ಚಪ್ಪಡಿಯ ಮೇಲೆ, ಬಿಸಿಲಿಗೆ, ಒಂದೇ ಸಲಕ್ಕೆ ಸುರಿದಳು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಿತು. ನಾನು ಹುಡುಗಿಯನ್ನು ಎತ್ತಿಕೊಂಡು, ರಸ್ತೆಯಲ್ಲಿ ಹೋಗುತ್ತಿದ್ದ ಲಗೇಜ್ ಆಟೊ ನಿಲ್ಲಿಸಿದೆ. ತಾಯಿ ಒದ್ದೆ ಕೈಯಲ್ಲೇ ಬಂದು ಹತ್ತಿದಳು. ದಾರಿಯುದ್ದಕ್ಕೂ ಆ ಕೈಯನ್ನು ಮಗಳಿಗೆ ತಾಗದ ಹಾಗೆ ದೂರ ಹಿಡಿದಿದ್ದಳು.

ಆಸ್ಪತ್ರೆಯಲ್ಲಿ ಜ್ವರ ಇಳಿದ ಮೇಲೇ ಹುಡುಗಿ ಕುಸಿದಳು. ಡೆಂಗಿಯ ಗುಣವೇ ಹಾಗೆ, ಜ್ವರ ಬಿಟ್ಟಿತು ಎಂದು ಮನೆಯವರು ನಿಟ್ಟುಸಿರು ಬಿಟ್ಟಾಗ ಅಸಲಿ ಗಂಡಾಂತರ ಶುರುವಾಗುತ್ತದೆ. ಕೈಕಾಲು ಐಸಿನ ಹಾಗಾಯಿತು, ವಾಂತಿಯಲ್ಲಿ ರಕ್ತ ಕಂಡಿತು. ಮನೆಯಲ್ಲಿದ್ದಿದ್ದರೆ ಅಷ್ಟೇ ಎಂದು ಡಾಕ್ಟರು ಅವಳ ಅಪ್ಪನಿಗೆ ಹೇಳಿದ್ದನ್ನು ನಾನು ಕೇಳಿಸಿಕೊಂಡೆ. ಬಾಟಲಿ ಮೇಲೆ ಬಾಟಲಿ ಏರಿಸಿದರು. ಆ ತಾಯಿ ಮಂಚದ ಪಕ್ಕದಿಂದ ಕದಲಲಿಲ್ಲ. ಒಂದು ಸಂಜೆ ಹುಡುಗಿ ಕಣ್ಣು ತೆರೆದು ಬಿಸ್ಕತ್ತು ಕೇಳಿದಳು. ಅದು ಸಿಹಿ ಬಿಸ್ಕತ್ತೇ ಆಗಬೇಕಂತೆ. ಅಪ್ಪ ಗಳಗಳ ಅಳುತ್ತ ಕ್ಯಾಂಟೀನಿಗೆ ಓಡಿದ.

ತಾಯಿ ಆಗ ನನ್ನ ಪಕ್ಕ ಬಂದು ಬೆಂಚಿನ ಮೇಲೆ ಕೂತಳು. ಮಗಳು ಉಳಿದ ಸಂತೋಷಕ್ಕೆ ನನ್ನ ಕೈ ಹಿಡಿಯುತ್ತಾಳೇನೋ ಎಂದುಕೊಂಡೆ.

"ಅಕ್ಕ" ಎಂದಳು, ಎದುರಿನ ಗೋಡೆ ನೋಡುತ್ತ. "ಹೋಗಿ ಬರ್ತೀನಿ ಅಂತ ನಿನ್ ಮಗ ಹೇಳ್ದ, ಅಂತ ಒಂದು ಸುಳ್ಳು ಹೇಳ್ಬೋದಿತ್ತಲ್ಲ ನೀವು. ನಾನು ಎದ್ದು ಬರ್ತಿದ್ದೆ."

ಅವಳು ಹೇಳಿದ್ದು ನಿಜವಿರಬಹುದು. ಬರುತ್ತಿದ್ದಳೋ ಏನೋ. ನನಗೆ ಆ ಹೊತ್ತಿಗೆ ಸುಳ್ಳು ಹೊಳೆಯಲಿಲ್ಲ, ಅಷ್ಟೇ. ಮಾತಾಡಿ ಅಭ್ಯಾಸವಿಲ್ಲದವರಿಗೆ ನಿಜ ಒಂದೇ ಬೇಗ ಬಾಯಿಗೆ ಬರುವುದು. ಇವತ್ತಿಗೂ ಇಲ್ಲಿ ಈ ಮನೆಯಲ್ಲಿ ಬಕೆಟ್ಟಿನ ನೀರು ಕಾರಣವಿಲ್ಲದೆ ಅಲುಗಿದರೆ, ಮೇಲಿನ ಮನೆಯವರ ವಾಷಿಂಗ್ ಮಷೀನು ಎಂದು ಗೊತ್ತಿದ್ದರೂ, ನಾನು ಅಲ್ಲೇ ನಿಂತು ಬೇರೆ ಯಾವ ಮಾತು ಹೇಳಬಹುದಿತ್ತು ಎಂದು ಯೋಚಿಸುತ್ತೇನೆ.

ಆ ಬೀದಿಯಲ್ಲಿ ಜ್ವರ ನಿಂತಿತು. ತಾಯಿ ಮನೆಗೆ ಹೋದವಳೇ ಅಂಗಿ, ಶಾಲೆಯ ಚೀಲ, ಗೋಡೆಯ ಮೇಲಿದ್ದ ಹುಟ್ಟುಹಬ್ಬದ ಫೋಟೋ ಎಲ್ಲ ತೆಗೆದು ಒಲೆಗೆ ಹಾಕಿದಳಂತೆ. ಅಲ್ಲಿಂದ ಈಚೆಗೆ ಅವನ ಹೆಸರನ್ನು ಎತ್ತಿಲ್ಲ, ಬೇರೆಯವರು ಎತ್ತಿದರೆ ಎದ್ದು ಹೋಗುತ್ತಾಳೆ.

ಇದೆಲ್ಲ ನನಗೆ ಹೇಳಿದ್ದು ಆ ಹುಡುಗಿಯೇ. ಈಗ ನಾಗರಬಾವಿಯಲ್ಲಿ ರೂಮು ಮಾಡಿಕೊಂಡು ಡಿಗ್ರಿ ಓದುತ್ತಿದ್ದಾಳೆ. ಒಂದು ಭಾನುವಾರ ನೀವು ಟ್ಯೂಷನ್ನಿಗೆ ಹೋಗಿದ್ದಾಗ ಇಲ್ಲಿಗೆ ಬಂದಿದ್ದಳು. ಎತ್ತರಕ್ಕೆ ಬೆಳೆದಿದ್ದಾಳೆ, ಜೋರಾಗಿ ನಗುತ್ತಾಳೆ. ಕಾಫಿ ಕುಡಿದು ಲೋಟ ಕೆಳಗಿಟ್ಟು ಕೇಳಿದಳು.

"ಆಂಟಿ, ತಮ್ಮನ ಮುಖ ನಂಗೆ ಮರೆತು ಹೋಗ್ತಿದೆ. ಮನೇಲಿ ಯಾರನ್ನೂ ಕೇಳೋ ಹಾಗಿಲ್ಲ. ನಿಮ್ಗೇನಾದ್ರೂ ನೆನಪಿದೆಯಾ?"

ನೆನಪಿತ್ತು. ಮುಂದಿನ ಎರಡು ಹಲ್ಲು ಬಿದ್ದಿದ್ದವು, ಎಡ ಹುಬ್ಬಿನ ಮೇಲೆ ಗಾಯದ ಗೆರೆ. ನಾನು ಡ್ರಮ್ಮು ನೋಡಲು ಹೋದಾಗಲೆಲ್ಲ ಅದರ ಹಿಂದೆ ಅಡಗಿ, "ನಮ್ಮನೇಲಿ ಸೊಳ್ಳೆ ಇಲ್ಲ, ನಾನೊಬ್ನೇ ಇರೋದು!" ಎಂದು ಕೂಗಿ ಚಡ್ಡಿ ಎಳೆದುಕೊಂಡು ಓಡುತ್ತಿದ್ದ. ಇಷ್ಟನ್ನು ಅವಳಿಗೆ ಹೇಳಲು ನಾನು ಬಾಯಿ ತೆರೆದೆ. ನಿಮಗೆ ಗೊತ್ತಲ್ಲ ನನ್ನ ಗಂಟಲು. ಅರ್ಧ ಮಾತ್ರ ಹೇಳಿದೆ. "ಇನ್ನೊಂದು ಸಲ ಬರ್ತೀನಿ, ಆಗ ಹೇಳಿ" ಎಂದು ನನ್ನ ಕೈ ಅದುಮಿ ಹೋದಳು.

ಅದಕ್ಕೇ ಬರೆದದ್ದು. ನನಗಿರುವ ಬಿಪಿ, ಸಕ್ಕರೆ ನಿಮಗೆ ಗೊತ್ತು, ಅವಳು ಬರುವ ಹೊತ್ತಿಗೆ ನಾನು ಇರುತ್ತೇನೋ ಇಲ್ಲವೋ. ಆ ಹುಡುಗ ಈ ಭೂಮಿಯ ಮೇಲೆ ಓಡಾಡಿದ್ದ ಎಂದು ಹೇಳಲು ಉಳಿದಿರುವುದು ಇಷ್ಟೇ. ಚಿನ್ನೂ, ಇದನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಹಾಳೆ ಬಿಸಾಡಬೇಡ. ಪುಟ್ಟಿ, ನಿನ್ನ ಬಟ್ಟೆಯ ಕಪಾಟಿನ ಮೇಲಿನ ಅರೆಯಲ್ಲಿ, ಒದ್ದೆಯಾಗದ ಕಡೆ ಜೋಪಾನವಾಗಿ ಇಡು. ಅವಳು ಬಂದು ತಮ್ಮನ ಬಗ್ಗೆ ಕೇಳಿದ ದಿನ ಮರುಮಾತಿಲ್ಲದೆ ಅವಳ ಕೈಗೆ ಕೊಡಿ. ಅಲ್ಲಿಯವರೆಗೆ ಈ ಹಾಳೆಗಳು ನಿಮ್ಮ ಹತ್ತಿರ ಇರಲಿ.